ಅಡಿಪಾಯಕ್ಕೆ ಮುನ್ನ

ಮನುಷ್ಯನಿಗೆ ವಯಸ್ಸಾದರೆ ಅದು ಅವನ ಮುಖದಲ್ಲಿ ತಾನಾಗಿಯೇ ಕಾಣಿಸುತ್ತದೆ. ಊರಿನ ವಿಷಯ ಹಾಗಲ್ಲ. ಸಾವಿರ ವರ್ಷ ಬಾಳಿದ ಊರು ಕೂಡ ಒಂದು ತಲೆಮಾರಿನ ಅವಧಿಯಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಬಡಾವಣೆಯಂತೆ ತೋರಬಹುದು. ಕೋಟೆಯ ಮಣ್ಣು ನಿವೇಶನಕ್ಕೆ ತುಂಬಾಗುತ್ತದೆ. ಕಲ್ಯಾಣಿಯ ಮೆಟ್ಟಿಲು ಪಾಯದ ಕಲ್ಲಾಗುತ್ತದೆ. ವೀರಗಲ್ಲು ಬಚ್ಚಲಿನ ಹಾಸುಗಲ್ಲಾಗುತ್ತದೆ. ಇವುಗಳಲ್ಲಿ ಯಾವುದನ್ನೂ ಶತ್ರುಸೈನ್ಯ ಬಂದು ಮಾಡುವುದಿಲ್ಲ. ಊರಿನವರೇ, ಯಾರ ಮೇಲೂ ದ್ವೇಷವಿಲ್ಲದೆ, ತಮ್ಮ ತಮ್ಮ ಮನೆಯನ್ನು ಕಟ್ಟಿಕೊಳ್ಳುವ ಅವಸರದಲ್ಲಿ ಮಾಡುತ್ತಾರೆ. ಆದಕಾರಣ ಹಳೆಯ ಊರುಗಳ ಉಳಿವು ಅಳಿವು ಮುಖ್ಯವಾಗಿ ಒಂದು ಪ್ರಶ್ನೆಯನ್ನು ಅವಲಂಬಿಸಿದೆ: ಮನೆ ಕಟ್ಟುವವನಿಗೆ ಯಾವ ನಿಯಮವಿದೆ, ಅದನ್ನು ಯಾರು, ಯಾವಾಗ, ಹೇಗೆ ಪಾಲಿಸುವಂತೆ ಮಾಡುತ್ತಾರೆ?

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಬೇಗೂರು ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ಸ್ಥಳ. ಇಂದು ಹೊಸೂರು ರಸ್ತೆ ಮತ್ತು ಬನ್ನೇರುಘಟ್ಟ ರಸ್ತೆಗಳ ನಡುವೆ ಬಹುಮಹಡಿ ವಸತಿಗಳ ಮಧ್ಯದಲ್ಲಿ ಸಿಕ್ಕಿಕೊಂಡಂತೆ ಕಾಣುವ ಈ ಊರು, ಗಂಗ ಅರಸರ ಕಾಲದಲ್ಲಿಯೇ ಪ್ರಸಿದ್ಧವಾಗಿತ್ತು. ಬೆಂಪೂರು ಎಂಬುದು ಶಾಸನಗಳಲ್ಲಿ ಬರುವ ಇದರ ಪ್ರಾಚೀನ ನಾಮ. ಇಲ್ಲಿನ ನಾಗೇಶ್ವರ ದೇವಾಲಯದ ಮೂಲ ಗುಡಿಗಳು ಗಂಗರ ಕಾಲದವು. ಅನಂತರದ ಕಾಲಗಳಲ್ಲಿ ಬೇರೆ ಗುಡಿಗಳು ಸೇರಿ ಅದು ಪಂಚಲಿಂಗೇಶ್ವರ ಎಂಬ ಹೆಸರನ್ನೂ ಪಡೆಯಿತು. ಊರಿನ ನಡುವೆ ಮಣ್ಣಿನ ಕೋಟೆ, ಪಕ್ಕದಲ್ಲಿ ವಿಶಾಲವಾದ ಕೆರೆ, ಅಲ್ಲಲ್ಲಿ ವೀರಗಲ್ಲುಗಳು, ಜೈನ ಬಸದಿಯೊಂದರ ಅವಶೇಷ: ಹೀಗೆ ಒಂದು ಹಳೆಯ ಕನ್ನಡ ಊರಿಗೆ ಬೇಕಾದ ಲಕ್ಷಣಗಳೆಲ್ಲ ಇಲ್ಲಿ ಕೂಡಿದ್ದವು.

ಬೇಗೂರಿನ ವೀರಗಲ್ಲುಗಳಲ್ಲಿ ಒಂದು ಬಹು ಪ್ರಸಿದ್ಧವಾದುದು. ಗಂಗರ ಎರೆಯಪ್ಪನ ಸೇವೆಯಲ್ಲಿದ್ದ ನಾಗತ್ತರನೆಂಬ ನಾಯಕನು ಅಯ್ಯಪದೇವನಿಗೆ ನೆರವಾಗಿ ವೀರಮಹೇಂದ್ರನ ಸೈನ್ಯದೊಡನೆ ತುಂಬೆಪಾಡಿಯಲ್ಲಿ ಕಾದಿ ಮಡಿದ ವೃತ್ತಾಂತವನ್ನು ಅದು ತಿಳಿಸುತ್ತದೆ. ಆನೆ, ಕುದುರೆ, ಬಿಲ್ಲಾಳುಗಳು ನುಗ್ಗುನುಗ್ಗಾಗಿ ಸೆಣಸುವ ದೃಶ್ಯ ಅದರ ಮೇಲೆ ಕಂಡರಿಸಲ್ಪಟ್ಟಿದೆ. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕಿಂತ ಆಕಾರದಲ್ಲಿ ಸಾಮಾನ್ಯವಾದ, ಕೆಲವೇ ಸಾಲುಗಳ ಇನ್ನೊಂದು ಶಾಸನ ದೇವಾಲಯದ ಆವರಣದಲ್ಲಿಯೇ ಉಳಿಯಿತು. ಸುಮಾರು ಕ್ರಿ. ಶ. 890ಕ್ಕೆ ಸೇರಿದ ಈ ಹಳಗನ್ನಡ ಶಾಸನವು ಬೆಂಗಳೂರು ಕಾಳಗದಲ್ಲಿ ಮಡಿದವರನ್ನು ಸ್ಮರಿಸುತ್ತದೆ. ಬೆಂಗಳೂರು ಎಂಬ ಹೆಸರು ದೊರೆಯುವ ಅತಿ ಪ್ರಾಚೀನ ಲಿಖಿತ ಆಧಾರವೆಂದು ವಿದ್ವಾಂಸರು ಇದನ್ನು ಗುರುತಿಸಿದ್ದಾರೆ. ಹೊಯ್ಸಳ ದೊರೆಯೊಬ್ಬನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಊರಿಗೆ ಹೆಸರು ಬಂದಿತೆಂಬ ಜನಪ್ರಿಯ ಕಥೆ ಈ ಕಲ್ಲಿನ ಮುಂದೆ ನಿಲ್ಲಲಾರದು; ಏಕೆಂದರೆ ಹೊಯ್ಸಳರು ಪ್ರಬಲರಾಗುವುದಕ್ಕೆ ಬಹಳ ಮೊದಲೇ ಆ ಹೆಸರು ಇತ್ತು. ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸುವುದಕ್ಕೂ ಸುಮಾರು 650 ವರ್ಷ ಹಿಂದಿನ ಮಾತು ಇದು.

ಒಂದು ಮಹಾನಗರದ ಜನ್ಮಪತ್ರಿಕೆಯಂತಿರುವ ಈ ಕಲ್ಲು ಬಹುಕಾಲ ವಿಶೇಷ ರಕ್ಷಣೆಯಿಲ್ಲದೆ ಬಿದ್ದಿತ್ತು. ಅದು ಉಳಿದದ್ದು ದೇವಾಲಯದ ಆವರಣದಲ್ಲಿತ್ತೆಂಬ ಕಾರಣಕ್ಕೆ. ಅದೇ ಕಲ್ಲು ಯಾರದೋ ಹಿತ್ತಿಲಲ್ಲಿ, ಯಾವುದೋ ಹೊಲದ ಬದುವಿನಲ್ಲಿ ನಿಂತಿದ್ದರೆ ಅದರ ಗತಿ ಏನಾಗುತ್ತಿತ್ತು? ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಒಂಬತ್ತನೆಯ ಸಂಪುಟವನ್ನು 1905ರಲ್ಲಿ ಪ್ರಕಟಿಸಿ, ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಊರೂರಿನ ಹೆಸರಿನೊಡನೆ ದಾಖಲಿಸಿದರು. ಆ ಸಂಪುಟವನ್ನು ಕೈಯಲ್ಲಿ ಹಿಡಿದು ಇಂದು ಆಯಾ ಸ್ಥಳಗಳಿಗೆ ಹೋಗುವವರಿಗೆ ಅನೇಕ ಕಡೆ ಕಲ್ಲು ದೊರೆಯುವುದಿಲ್ಲ. ಮನೆ ದೊರೆಯುತ್ತದೆ, ರಸ್ತೆ ದೊರೆಯುತ್ತದೆ. ಅಪರೂಪಕ್ಕೊಮ್ಮೆ ಅದೃಷ್ಟ ಒದಗುವುದೂ ಉಂಟು. ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಕಿಟ್ಟಯ್ಯನೆಂಬ ವೀರನ ಕಲ್ಲು ಹೊರಬಂದಿತು. ಸುಮಾರು ಕ್ರಿ. ಶ. 750ರ, ಗಂಗ ದೊರೆ ಶ್ರೀಪುರುಷನ ಕಾಲದ ಆ ಶಾಸನವನ್ನು ಆಸಕ್ತರೂ ಸ್ಥಳೀಯರೂ ಕೂಡಿ ರಕ್ಷಿಸಿದರು. ಆದರೆ ಅಗೆಯುವವನ ಕಣ್ಣು ಪ್ರತಿ ಸಲವೂ ಕಲ್ಲಿನ ಮೇಲಿನ ಅಕ್ಷರದ ಮೇಲೆ ಬೀಳುತ್ತದೆಂದು ನಂಬುವುದು ಸಾಧ್ಯವಿಲ್ಲ. ಅದೃಷ್ಟವನ್ನು ನಂಬಿ ಚರಿತ್ರೆಯನ್ನು ಕಾಯಲಾಗದು. ಅದಕ್ಕೆ ನಿಯಮ ಬೇಕು.

ನಿಯಮ ಬೇಕೆಂದೊಡನೆ ಒಂದು ನ್ಯಾಯವಾದ ಆಕ್ಷೇಪಣೆ ಏಳುತ್ತದೆ. ಊರು ವಸ್ತುಸಂಗ್ರಹಾಲಯವಲ್ಲ. ಅಲ್ಲಿ ಮಕ್ಕಳು ಹುಟ್ಟುತ್ತಾರೆ, ಕುಟುಂಬಗಳು ಬೆಳೆಯುತ್ತವೆ, ಅಣ್ಣತಮ್ಮಂದಿರು ಪಾಲಾಗುತ್ತಾರೆ. 1978ರಲ್ಲಿ ಸಮೀಪದಲ್ಲಿಯೇ ಎಲೆಕ್ಟ್ರಾನಿಕ್ ಸಿಟಿಗೆ ಅಂಕುರಾರ್ಪಣೆಯಾಯಿತು. ಮುಂದಿನ ದಶಕಗಳಲ್ಲಿ ದುಡಿಮೆಯನ್ನು ಅರಸಿ ಬಂದ ಲಕ್ಷಾಂತರ ಜನರಿಗೆ ಸೂರು ಬೇಕಾಯಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಬೇಗೂರು ನಗರದ ಭಾಗವಾಯಿತು. ರಾಗಿಯ ಹೊಲ ನಿವೇಶನವಾದುದರಲ್ಲಿ ಪಾಪವೇನೂ ಇಲ್ಲ. ಹೊಲ ಮಾರಿದ ರೈತನಿಗೂ, ಬಾಡಿಗೆ ಮನೆಯಲ್ಲಿ ಬೆಂದು ಸಾಲ ಮಾಡಿ ಮೂವತ್ತು ನಲವತ್ತು ಅಡಿಯ ನಿವೇಶನ ಕೊಂಡ ನೌಕರನಿಗೂ ಬಾಳುವ ಹಕ್ಕಿದೆ. ಅವರನ್ನು ಚರಿತ್ರೆಯ ವೈರಿಗಳೆಂದು ಬಗೆಯುವವರು ಚರಿತ್ರೆಗೂ ನ್ಯಾಯ ಸಲ್ಲಿಸಲಾರರು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಕಟ್ಟಬೇಕೆ ಬೇಡವೆ ಎಂಬುದಲ್ಲ. ಹೇಗೆ ಕಟ್ಟಬೇಕು ಎಂಬುದು.

ಪ್ರಾಚೀನ ಸ್ಮಾರಕಗಳ ರಕ್ಷಣೆಗೆಂದೇ ಭಾರತದಲ್ಲಿ 1958ರ ಕೇಂದ್ರ ಅಧಿನಿಯಮವಿದೆ. ಕರ್ನಾಟಕದಲ್ಲಿ 1961ರ ರಾಜ್ಯ ಅಧಿನಿಯಮವಿದೆ. ಕೇಂದ್ರದ ಕಾನೂನಿಗೆ 2010ರಲ್ಲಿ ಬಂದ ತಿದ್ದುಪಡಿಯು, ರಾಷ್ಟ್ರೀಯ ಪ್ರಾಮುಖ್ಯವುಳ್ಳದ್ದೆಂದು ಘೋಷಿತವಾದ ಸ್ಮಾರಕದ ಸುತ್ತ 100 ಮೀಟರ್ ಪ್ರದೇಶವನ್ನು ನಿಷೇಧಿತವೆಂದೂ, ಅದರಾಚೆಗಿನ 200 ಮೀಟರ್ ಪ್ರದೇಶವನ್ನು ನಿಯಂತ್ರಿತವೆಂದೂ ಸಾರಿತು. ಇದು ಕಟ್ಟುನಿಟ್ಟಾದ ಕಾನೂನು. ಆದರೆ ಘೋಷಿತವಾದ ಸ್ಮಾರಕಗಳಿಗಷ್ಟೇ ಅದರ ನೆರಳು ದೊರೆಯುತ್ತದೆ. ಒಂದು ಹಳೆಯ ಊರಿನಲ್ಲಿ ಸ್ಮಾರಕವೆನಿಸಿಕೊಳ್ಳುವ ಕಟ್ಟಡ ಒಂದೋ ಎರಡೋ ಇರಬಹುದು. ಮಿಕ್ಕದ್ದೆಲ್ಲ ಬರಿಯ ಊರು: ತೇರು ತಿರುಗುವ ಬೀದಿ, ಅರಳಿಯ ಕಟ್ಟೆ, ಕೋಟೆಯ ದಿಬ್ಬ, ಕೆರೆಗೆ ನೀರು ಹರಿಸುವ ಕಾಲುವೆ, ಹಿತ್ತಿಲ ಮೂಲೆಯ ವೀರಗಲ್ಲು. ಇವುಗಳ ಮುಂದೆ ಪುರಾತತ್ವ ಇಲಾಖೆಯ ನೀಲಿ ಫಲಕವಿರುವುದಿಲ್ಲ, ಕಾವಲುಗಾರನಿರುವುದಿಲ್ಲ. ಇವುಗಳನ್ನು ಕಾಯಬಲ್ಲುದು ನಗರದ ಸಾಮಾನ್ಯ ಕಟ್ಟಡ ನಿಯಮ ಒಂದೇ. ಸ್ಮಾರಕದ ಕಾನೂನು ದೇವಾಲಯವನ್ನು ಉಳಿಸಬಹುದು. ದೇವಾಲಯವಿರುವ ಊರನ್ನು ಉಳಿಸುವುದು ಈ ಸಾಮಾನ್ಯ ನಿಯಮವೇ.

ಈ ಸಾಮಾನ್ಯ ನಿಯಮಗಳು ಯಾವುವು? ನಿವೇಶನದ ಸುತ್ತ ಇಂತಿಷ್ಟು ಜಾಗ ಬಿಡಬೇಕು. ರಸ್ತೆಯ ಅಗಲಕ್ಕೆ ತಕ್ಕಂತೆ ಎತ್ತರವಿರಬೇಕು. ಮಂಜೂರಾದ ನಕ್ಷೆಗಿಂತ ಹೆಚ್ಚು ಮಹಡಿ ಏರಿಸಕೂಡದು. ಕೆರೆ ಮತ್ತು ರಾಜಕಾಲುವೆಗಳ ಅಂಚನ್ನು ತೆರವಾಗಿ ಇಡಬೇಕು. ಇವು ಮೇಲುನೋಟಕ್ಕೆ ನೀರಸವಾದ ಅಳತೆಗಳು. ಆದರೆ ಇವುಗಳ ಹಿಂದೆ ದೊಡ್ಡ ಅನುಭವವಿದೆ. ಬೆಂಗಳೂರಿನಲ್ಲಿ 1898ರಲ್ಲಿ ಪ್ಲೇಗು ಕಾಣಿಸಿಕೊಂಡಾಗ, ಗಾಳಿ ಬೆಳಕಿಲ್ಲದೆ ಒಂದಕ್ಕೊಂದು ಅಂಟಿಕೊಂಡಿದ್ದ ಪೇಟೆಯ ಮನೆಗಳಲ್ಲಿ ಅದು ಕಾಡ್ಗಿಚ್ಚಿನಂತೆ ಹಬ್ಬಿತು. ಆ ಪೆಟ್ಟಿನಿಂದ ಕಲಿತ ಪಾಠವೇ ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳ ಅಗಲವಾದ ಬೀದಿಗಳಾಗಿ, ಮನೆಯ ಸುತ್ತಲಿನ ಅಂಗಳವಾಗಿ ಮೂಡಿತು. ನಿಯಮವನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಹಳೆಯ ಕಾಲಕ್ಕೆ ಹೋಗಬೇಕಾಗಿಲ್ಲ. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದು ಮಳೆಯಲ್ಲಿ ಕುಸಿದು ಒಂಬತ್ತು ಮಂದಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಪರವಾನಗಿ ಇದ್ದುದಕ್ಕಿಂತ ಹೆಚ್ಚು ಮಹಡಿಗಳನ್ನು ಎತ್ತಲಾಗಿತ್ತೆಂದು ಆಗ ವರದಿಯಾಯಿತು.

ಹಳೆಯ ಊರಿನಲ್ಲಿ ಇದೇ ನಿಯಮಗಳಿಗೆ ಇಮ್ಮಡಿಯಾದ ಅರ್ಥವುಂಟು. ಪ್ರಾಚೀನ ಕಲ್ಲುಗುಡಿಗಳಲ್ಲಿ ಬಹುಪಾಲು ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲು ಕೂಡಿಸಿ, ಅದರ ಭಾರದಿಂದಲೇ ನಿಲ್ಲುವಂತೆ ಕಟ್ಟಿದವು. ಪಕ್ಕದಲ್ಲಿ ಆಳವಾದ ನೆಲಮಾಳಿಗೆ ತೋಡಿದರೆ ಮಣ್ಣು ಸಡಿಲಿ ಅಂಥ ಗೋಡೆ ಜರುಗುತ್ತದೆ. ರಸ್ತೆಗೆ ಪದೇ ಪದೇ ಡಾಂಬರು ಹಾಕಿ ಎತ್ತರಿಸಿದರೆ ಹಳೆಯ ಮನೆ ಮಠಗಳ ಅಂಗಳ ತಗ್ಗಾಗಿ, ಹರಿಯಬೇಕಾದ ಮಳೆನೀರು ಒಳಕ್ಕೆ ನುಗ್ಗುತ್ತದೆ. ಕಾಲುವೆಯ ಮೇಲೆ ಕಟ್ಟಡ ಎದ್ದರೆ ಕೆರೆ ಬತ್ತುತ್ತದೆ, ಬೀದಿ ಕೆರೆಯಾಗುತ್ತದೆ. ಬೀದಿಯ ಎರಡೂ ಕಡೆ ಮನೆಗಳು ಮೂರು ಮೂರು ಅಡಿ ಮುಂದೆ ಬಂದರೆ ಶತಮಾನಗಳಿಂದ ತಿರುಗಿದ ತೇರು ತಿರುವಿನಲ್ಲಿ ನಿಲ್ಲಬೇಕಾಗುತ್ತದೆ. ಬೆಂಕಿ ಆರಿಸುವ ವಾಹನವೂ ಅಲ್ಲಿಯೇ ನಿಲ್ಲಬೇಕಾಗುತ್ತದೆ. ಹೀಗೆ ಪರಂಪರೆಯನ್ನು ಕಾಯುವ ನಿಯಮವೂ ಪ್ರಾಣವನ್ನು ಕಾಯುವ ನಿಯಮವೂ ಬೇರೆ ಬೇರೆಯಲ್ಲ.

ಇಷ್ಟು ಉಪಯುಕ್ತವಾದ ನಿಯಮಗಳನ್ನು ಜನ ಏಕೆ ಮೀರುತ್ತಾರೆ? ದುಷ್ಟತನವೇ ಕಾರಣವೆಂದು ಹೇಳುವುದು ಸುಲಭ. ಅದು ಪೂರ್ಣ ಸತ್ಯವಲ್ಲ. ನಿಯಮ ಮುರಿಯುವವನಿಗೆ ಲಾಭ ಕೈಗೆ ಕಾಣುತ್ತದೆ, ನಷ್ಟ ಊರಿಗೆಲ್ಲ ಹಂಚಿಹೋಗಿ ಯಾರಿಗೂ ಕಾಣದಂತಾಗುತ್ತದೆ. ಒಬ್ಬನು ಒಂದು ಅಡಿ ಮುಂದೆ ಬರುತ್ತಾನೆ. ಅದನ್ನು ಕಂಡ ನೆರೆಯವನು, ಬಾರದಿದ್ದರೆ ತಾನೇ ಮೂರ್ಖನೆಂದು ಬಗೆದು ಎರಡು ಅಡಿ ಬರುತ್ತಾನೆ. ಕೊನೆಗೆ ನಿಯಮ ಪಾಲಿಸಿದವನ ಮನೆಗೆ ಮಾತ್ರ ಗಾಳಿ ಬೆಳಕು ತಪ್ಪುತ್ತದೆ. ಪಾಲಿಸಿದವನಿಗೆ ಶಿಕ್ಷೆಯೂ ಮೀರಿದವನಿಗೆ ಬಹುಮಾನವೂ ದೊರೆಯುವಂತಾದರೆ, ಪುಸ್ತಕದಲ್ಲಿ ಅಚ್ಚಾಗಿರುವ ನಿಯಮವು ಜನರಿಗೆ ನಿಯಮಭಂಗವನ್ನೇ ಕಲಿಸುತ್ತದೆ.

ಸರ್ಕಾರವೂ ಈ ಪಾಠವನ್ನು ಕೆಲವೊಮ್ಮೆ ತಾನೇ ಬೋಧಿಸಿದೆ. ‘ಅಕ್ರಮ ಸಕ್ರಮ’ ಎಂಬ ಹೆಸರಿನ ಯೋಜನೆ ಕರ್ನಾಟಕದಲ್ಲಿ ಬಹು ಚರ್ಚೆಗೆ ಒಳಗಾಯಿತು. ವಾಸದ ಕಟ್ಟಡಗಳಲ್ಲಿ ಶೇಕಡಾ 50ರವರೆಗೆ, ವಾಣಿಜ್ಯ ಕಟ್ಟಡಗಳಲ್ಲಿ ಶೇಕಡಾ 25ರವರೆಗೆ ನಡೆದಿರುವ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಮನ್ನಿಸುವುದು ಅದರ ಉದ್ದೇಶ. ಉಚ್ಚ ನ್ಯಾಯಾಲಯ 2016ರಲ್ಲಿ ಅದನ್ನು ಎತ್ತಿಹಿಡಿದರೂ, ಸರ್ವೋಚ್ಚ ನ್ಯಾಯಾಲಯ 2017ರ ಜನವರಿಯಲ್ಲಿ ತಡೆಯಾಜ್ಞೆ ನೀಡಿತು. ತಿಳಿಯದೆ ಅಕ್ರಮ ಮನೆ ಕೊಂಡ ಬಡ ಕುಟುಂಬಗಳಿಗೆ ನೆಮ್ಮದಿ ದೊರೆಯಲೆಂಬ ಕರುಣೆ ಅಂಥ ಯೋಜನೆಯ ಹಿಂದೆ ಇರಬಹುದು. ಕರುಣೆ ಒಳ್ಳೆಯದೇ. ಆದರೆ ನಿಯಮವನ್ನು ಮೀರುವುದು ತಪ್ಪಲ್ಲ, ಅದಕ್ಕೊಂದು ಬೆಲೆಯಿದೆಯಷ್ಟೆ ಎಂಬ ಭಾವನೆ ಒಮ್ಮೆ ಬೇರೂರಿದರೆ, ಹಣವುಳ್ಳವನು ಮುಂದಿನ ಮನ್ನಣೆಯನ್ನು ನೆನೆದೇ ಅಡಿಪಾಯ ಹಾಕುತ್ತಾನೆ. ದಂಡದ ಹಣ ಬೊಕ್ಕಸಕ್ಕೆ ಬರುತ್ತದೆ. ಪಾಯದಡಿ ಹೂತುಹೋದ ಕಲ್ಲು ಹಿಂದಿರುಗಿ ಬರುವುದಿಲ್ಲ.

ಹಾಗಾದರೆ ಮೀರಿದ ಕಟ್ಟಡಗಳನ್ನೆಲ್ಲ ಕೆಡವಿಬಿಡುವುದೇ ದಾರಿಯೆ? ಹಂಪಿಯ ಅನುಭವ ಇದಕ್ಕೆ ಎಚ್ಚರಿಕೆಯ ಉತ್ತರ ಕೊಡುತ್ತದೆ. ಹಂಪಿಯ ಸ್ಮಾರಕ ಸಮೂಹ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವಿರೂಪಾಕ್ಷ ದೇವಾಲಯದ ಮುಂದಿನ ಪ್ರಾಚೀನ ಬಜಾರಿನ ಕಲ್ಲುಮಂಟಪಗಳಲ್ಲಿ ಜನ ದಶಕಗಳಿಂದ ವಾಸವಾಗಿದ್ದರು. ಮಂಟಪಗಳಿಗೆ ಇಟ್ಟಿಗೆಯ ಗೋಡೆ ಸೇರಿಸಿ ಅಂಗಡಿ, ಊಟದ ಮನೆ, ವಸತಿಗೃಹಗಳನ್ನು ನಡೆಸುತ್ತಿದ್ದರು. ವರ್ಷ ವರ್ಷವೂ ಅದು ಬೆಳೆಯುವುದನ್ನು ಎಲ್ಲರೂ ಕಂಡರು, ಯಾರೂ ತಡೆಯಲಿಲ್ಲ. ಕೊನೆಗೆ 2011ರ ಜುಲೈ ತಿಂಗಳಿನಲ್ಲಿ ಯಂತ್ರಗಳು ಬಂದು ಆ ಮನೆ ಅಂಗಡಿಗಳನ್ನು ನೆಲಸಮ ಮಾಡಿದವು. ನಿವಾಸಿಗಳಿಗೆ ಪಕ್ಕದ ಕಡ್ಡಿರಾಂಪುರದಲ್ಲಿ ನಿವೇಶನ ಕೊಡುವ ಏರ್ಪಾಡಾಯಿತು. ಆದರೆ ಗುಡಿಯ ಮುಂದಿನ ವ್ಯಾಪಾರವನ್ನು ನಂಬಿ ಬದುಕಿದವರಿಗೆ ನಿವೇಶನವೊಂದೇ ಬದುಕಾಗಲಿಲ್ಲ. ನದಿಯ ಆಚೆ ದಡದ ವಿರೂಪಾಪುರ ಗಡ್ಡೆಯಲ್ಲಿ ತಲೆಯೆತ್ತಿದ್ದ ವಸತಿಗೃಹಗಳ ಕಥೆಯೂ ಹೀಗೆಯೇ. ವರ್ಷಗಟ್ಟಲೆ ವ್ಯಾಜ್ಯ ನಡೆದು, 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದ ಮೇಲೆ ಅವು ತೆರವಾದವು. ಕಾನೂನು ಗೆದ್ದಿತು, ನಿಜ. ಆದರೆ ಆ ಗೆಲುವಿಗೆ ಕೊಟ್ಟ ಬೆಲೆಯಲ್ಲಿ ಬಹುಭಾಗ ವಿಳಂಬದ ಬೆಲೆ. ಮೊದಲ ಇಟ್ಟಿಗೆ ಇಟ್ಟಂದು ಒಬ್ಬ ಅಧಿಕಾರಿ ಬಂದು ತಡೆದಿದ್ದರೆ ಯಾರ ಒಲೆಯೂ ಆರುತ್ತಿರಲಿಲ್ಲ. ಅಡಿಪಾಯದಲ್ಲಿ ಎಚ್ಚರಿಕೆಯಾಗಬಹುದಾಗಿದ್ದ ನಿಯಮ ಚಾವಣಿ ಬಿದ್ದ ಮೇಲೆ ಕ್ರೌರ್ಯವಾಗಿ ಪರಿಣಮಿಸುತ್ತದೆ.

ಹಂಪಿ ಇನ್ನೊಂದು ಪಾಠವನ್ನೂ ಕಲಿಸಿತು. ಆನೆಗೊಂದಿಯ ಬಳಿ ತುಂಗಭದ್ರೆಗೆ ಅಡ್ಡಲಾಗಿ ವಾಹನಗಳ ಸೇತುವೆಯನ್ನೂ, ವಿರೂಪಾಪುರ ಗಡ್ಡೆಗೆ ಕಾಲುಸೇತುವೆಯನ್ನೂ ಕಟ್ಟಲು ಹೊರಟದ್ದು ಯಾವ ಖಾಸಗಿ ವ್ಯಕ್ತಿಯೂ ಅಲ್ಲ, ಸರ್ಕಾರವೇ. ಪರಂಪರೆಯ ಪ್ರದೇಶಕ್ಕೆ ಆಗುವ ಹಾನಿಯನ್ನು ಮೊದಲೇ ಯೋಚಿಸದೆ ಕೈಗೊಂಡ ಈ ಕೆಲಸದಿಂದ ಹಂಪಿ 1999ರಲ್ಲಿ ‘ಅಪಾಯದಲ್ಲಿರುವ ವಿಶ್ವ ಪರಂಪರೆ’ಯ ಪಟ್ಟಿಗೆ ಇಳಿಯಿತು, 2006ರವರೆಗೂ ಅಲ್ಲಿಯೇ ಉಳಿಯಿತು. ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ, ಕೆಲಸ ಮುಗಿಯುವುದಕ್ಕೆ ಮೊದಲೇ ಕುಸಿದು ಕಾರ್ಮಿಕರನ್ನು ಬಲಿ ತೆಗೆದುಕೊಂಡಿತು. ನಿಯಮವನ್ನು ಬಡವನ ಗುಡಿಸಲಿಗೆ ಹೇಳಿ, ಶ್ರೀಮಂತನ ಮಹಡಿಗೂ ಸರ್ಕಾರದ ಕಾಮಗಾರಿಗೂ ದೇವಾಲಯದ ಹೊಸ ಮಂಟಪಕ್ಕೂ ಹೇಳದಿದ್ದರೆ ಅದಕ್ಕೆ ಗೌರವ ಹುಟ್ಟುವುದಿಲ್ಲ. ಊರಿನ ಬಾವಿಗೆ ಒಂದೇ ಹಗ್ಗವಿರುವಂತೆ ಊರಿನ ಕಟ್ಟಡಗಳಿಗೆ ಒಂದೇ ಅಳತೆಗೋಲಿರಬೇಕು.

ಈ ಎರಡು ಪಾಠಗಳನ್ನು ಒಟ್ಟುಗೂಡಿಸಿದಂತೆ ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಎರಡು ತೀರ್ಪುಗಳನ್ನು ಕೊಟ್ಟಿತು. ನವೆಂಬರ್ 13ರ ತೀರ್ಪು, ಕಟ್ಟಡವನ್ನು ಕೆಡವುವ ಮುನ್ನ ಮಾಲೀಕನಿಗೆ 15 ದಿನಗಳ ನೋಟೀಸು ಕೊಟ್ಟು ಅವನ ಅಹವಾಲನ್ನು ಕೇಳಬೇಕೆಂದು ವಿಧಿಸಿತು. ರಸ್ತೆ, ಕಾಲುದಾರಿ, ಜಲಮೂಲಗಳಂತಹ ಸಾರ್ವಜನಿಕ ಸ್ಥಳಗಳ ಒತ್ತುವರಿಗೆ ಮಾತ್ರ ಈ ರಕ್ಷಣೆಯನ್ನು ಕೊಡಲಿಲ್ಲ. ಡಿಸೆಂಬರ್ 17ರ ತೀರ್ಪು, ನಕ್ಷೆಯಂತೆ ಕಟ್ಟಡ ಮುಗಿದಿದೆಯೆಂಬ ಸ್ವಾಧೀನಾನುಭವ ಪತ್ರವಿಲ್ಲದೆ ವಿದ್ಯುತ್ತು, ನೀರು, ಒಳಚರಂಡಿಯ ಸಂಪರ್ಕ ಕೊಡಬಾರದೆಂದೂ, ತಪ್ಪು ಪರವಾನಗಿ ಕೊಟ್ಟ ಅಧಿಕಾರಿಯ ಮೇಲೂ ಕ್ರಮ ಜರುಗಬೇಕೆಂದೂ ಆದೇಶಿಸಿತು. ಒಂದು ತೀರ್ಪು ಅವಸರದ ಕೈಯನ್ನು ತಡೆಯಿತು. ಇನ್ನೊಂದು ಆಲಸ್ಯದ ಕಣ್ಣನ್ನು ತೆರೆಸಿತು. ಎರಡನೆಯದರ ಬಿಸಿ 2025ರಲ್ಲಿ ಬೆಂಗಳೂರಿನ ಅನೇಕ ಹೊಸ ಮನೆಗಳಿಗೆ ತಟ್ಟಿತು. ಮನೆ ಮುಗಿದಿದ್ದರೂ ವಿದ್ಯುತ್ತಿಲ್ಲದೆ ಕಾಯಬೇಕಾದವರು ದೂರಿದರು. ಅವರ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಕಟ್ಟುವಾಗ ನೋಡಲು ಬಾರದ ಕಚೇರಿ ಕಟ್ಟಿ ಮುಗಿಸಿದ ಮೇಲೆ ಪತ್ರ ಕೇಳಿದರೆ ಗೃಹಸ್ಥನು ಎಲ್ಲಿಗೆ ಹೋಗಬೇಕು? ಕಾನೂನು ಬಾಗಿಲಿನಲ್ಲಿ ನಿಲ್ಲುವುದಕ್ಕೆ ಮುನ್ನ ಪಾಯದಲ್ಲಿ ನಿಲ್ಲಬೇಕೆಂಬುದನ್ನು ಈ ಸಂಕಟವೂ ಸಾರುತ್ತದೆ.

ಇನ್ನು ಉಳಿದದ್ದು ನ್ಯಾಯದ ಪ್ರಶ್ನೆ. ಹಳೆಯ ಗುಡಿಯ ಪಕ್ಕದಲ್ಲಿ ನಿವೇಶನವಿರುವವನು ಎರಡು ಮಹಡಿಗೆ ತೃಪ್ತನಾಗಬೇಕು; ಅರ್ಧ ಮೈಲಿ ಆಚೆಯವನು ಹತ್ತು ಮಹಡಿ ಏರಿಸಬಹುದು. ಪರಂಪರೆಯ ಕೀರ್ತಿ ಊರಿಗೆಲ್ಲ, ಅದರ ಭಾರ ಒಬ್ಬನಿಗೆ ಎಂದಾದರೆ ಅವನು ಆ ಗುಡಿಯನ್ನು ಪ್ರೀತಿಸುವನೆ? ಈ ಅಸಮತೆಗೆ ಮುಂಬಯಿ ನಗರವು 1995ರಲ್ಲಿ ಒಂದು ಪರಿಹಾರ ಕಂಡುಕೊಂಡಿತು. ಆ ವರ್ಷ ಜಾರಿಗೆ ಬಂದ ಪರಂಪರಾ ನಿಯಮಗಳು, ಹಳೆಯ ಕಟ್ಟಡವನ್ನು ಉಳಿಸಿಕೊಂಡದ್ದರಿಂದ ಕಟ್ಟಲಾಗದೆ ಹೋದ ಅಳತೆಯನ್ನು ನಗರದ ಬೇರೆ ಭಾಗದಲ್ಲಿ ಬಳಸುವ ಅಥವಾ ಮಾರುವ ಹಕ್ಕನ್ನು ಮಾಲೀಕನಿಗೆ ಕೊಡಲು ಅವಕಾಶ ಮಾಡಿದವು. ಹಸುವನ್ನು ಮಾರದೆ ಹಾಲನ್ನು ಮಾರಿದಂತೆ, ಕಟ್ಟಡವನ್ನು ಕೆಡವದೆ ಅದರ ಬೆಲೆಯಲ್ಲಿ ಒಂದು ಪಾಲನ್ನು ಪಡೆಯುವ ದಾರಿ ಇದು. ಭೂಮಿಯ ಅಭಿವೃದ್ಧಿ ಹಕ್ಕನ್ನು ಹೀಗೆ ವರ್ಗಾಯಿಸುವ ಪದ್ಧತಿ ಕರ್ನಾಟಕದ ಕಾನೂನಿಗೂ ಹೊಸದಲ್ಲ. ರಸ್ತೆ ಅಗಲಗೊಳಿಸಲು ಜಾಗ ಬಿಟ್ಟವರಿಗೆ ಅದನ್ನು ಕೊಡುವುದುಂಟು. ರಸ್ತೆಗೆ ಜಾಗ ಬಿಟ್ಟವನಿಗೆ ಸಲ್ಲುವ ಮರ್ಯಾದೆ ಚರಿತ್ರೆಗೆ ಜಾಗ ಬಿಟ್ಟವನಿಗೂ ಸಲ್ಲಬೇಕು.

ಇಂಥ ನಿಯಮಗಳಿಂದ ಊರು ಹಿಂದುಳಿಯುತ್ತದೆಂಬ ಭಯಕ್ಕೆ ಇಂಡೋನೇಷ್ಯಾದ ಬಾಲಿ ದ್ವೀಪ ಸಮಾಧಾನ ಹೇಳುತ್ತದೆ. 1966ರಲ್ಲಿ ಅಲ್ಲಿನ ಸನೂರು ಕಡಲತೀರದಲ್ಲಿ ಹತ್ತು ಮಹಡಿಯ ಹೋಟೆಲೊಂದು ಎದ್ದಿತು. ಗುಡಿಗೋಪುರಗಳ ಆ ನಾಡಿನಲ್ಲಿ ಅದು ಜನರ ಕಣ್ಣಿಗೆ ಮುಳ್ಳಾಯಿತು. ಅನಂತರ ಅಲ್ಲಿ ಕಟ್ಟಡಗಳು ತೆಂಗಿನ ಮರದ ಎತ್ತರವನ್ನು, ಎಂದರೆ ಸುಮಾರು 15 ಮೀಟರನ್ನು ಮೀರಬಾರದೆಂಬ ನಿಯಮ ಬಂದಿತು. ಅಳತೆಯ ಪಟ್ಟಿ ಹಿಡಿಯಲು ಬಾರದವನಿಗೂ ತಿಳಿಯುವ ನಿಯಮ ಅದು: ತಲೆಯೆತ್ತಿ ನೋಡಿದರೆ ಸಾಕು. ಬಾಲಿ ಬಡವಾಗಲಿಲ್ಲ, ಜಗತ್ತಿನ ಜನ ಅದನ್ನು ನೋಡಲು ಇಂದಿಗೂ ಹೋಗುತ್ತಾರೆ. ನಿಯಮ ಸರಳವಾಗಿದ್ದರೆ, ಎಲ್ಲರ ಕಣ್ಣಿಗೂ ಕಾಣುವಂತಿದ್ದರೆ, ಅದನ್ನು ಕಾಯುವ ಕೆಲಸ ಅಧಿಕಾರಿಯೊಬ್ಬನದಾಗಿ ಉಳಿಯದೆ ಊರಿನದಾಗುತ್ತದೆ.

ಬೇಗೂರಿನಂತಹ ಊರಿಗೆ ಬೇಕಾದದ್ದು ಬಹಳವೇನೂ ಅಲ್ಲ. ಹಳೆಯ ಊರಿನ ಎಲ್ಲೆಯನ್ನು ನಕ್ಷೆಯಲ್ಲಿ ಗುರುತಿಸಬೇಕು. ಅದರೊಳಗಿನ ಶಾಸನ, ವೀರಗಲ್ಲು, ಕಟ್ಟೆ, ಕಾಲುವೆ, ಕೋಟೆಯ ದಿಬ್ಬಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಅಲ್ಲಿನ ಎತ್ತರ ಮತ್ತು ಅಂತರದ ನಿಯಮಗಳೊಡನೆ ತಿಳಿಗನ್ನಡದಲ್ಲಿ ಬರೆಸಿ, ಊರಿನ ಮಧ್ಯದಲ್ಲಿ ಎಲ್ಲರೂ ಓದುವಂತೆ ನಿಲ್ಲಿಸಬೇಕು. ಪಾಯದ ಗುಂಡಿ ತೋಡುವ ದಿನವೇ ಪಾಲಿಕೆಯವರು ಬಂದು ಅಳತೆ ನೋಡಬೇಕು; ಮಣ್ಣಿನಲ್ಲಿ ಹಳೆಯ ಕಲ್ಲು ದೊರೆತರೆ ಮನೆಯವನಿಗೆ ಭಯವಾಗದಂತೆ, ಕೆಲಸ ಬಹುದಿನ ನಿಲ್ಲದಂತೆ, ಅದನ್ನು ದಾಖಲಿಸುವ ಏರ್ಪಾಡಿರಬೇಕು. ಇಂದು ಕಲ್ಲು ಕಂಡವನು ಅದನ್ನು ಮುಚ್ಚಿಡುವುದು ದ್ವೇಷದಿಂದಲ್ಲ, ಮನೆಯ ಕೆಲಸ ನಿಂತೀತೆಂಬ ಅಂಜಿಕೆಯಿಂದ. ಆ ಅಂಜಿಕೆಯನ್ನು ತೆಗೆಯದೆ ಯಾವ ಕಾನೂನೂ ಒಂದು ಶಾಸನವನ್ನು ಉಳಿಸಲಾರದು. ಬೆಂಗಳೂರಿನ ಆಡಳಿತ 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳಾಗಿ ಮಾರ್ಪಟ್ಟಿತು. ಫಲಕಗಳ ಮೇಲಿನ ಹೆಸರು ಬದಲಾದಂತೆ ಕೆಲಸದ ರೀತಿಯೂ ಬದಲಾದರೆ, ಆ ಮಾರ್ಪಾಡಿನ ಫಲ ಹಳೆಯ ಊರುಗಳಿಗೆ ಮೊದಲು ದೊರೆಯಬೇಕು. ಏಕೆಂದರೆ ಕಳೆದುಕೊಂಡರೆ ಮರಳಿ ಪಡೆಯಲಾಗದ ವಸ್ತು ಅವುಗಳಲ್ಲಿಯೇ ಹೆಚ್ಚಾಗಿದೆ.

ಬೆಂಗಳೂರು ಕಾಳಗದಲ್ಲಿ ಮಡಿದವರ ನೆನಪಿಗೆ ಕಲ್ಲು ನಿಲ್ಲಿಸಿದ ಜನರಿಗೆ, ಅದನ್ನು ಓದುವವರು ಯಾರೆಂದು ತಿಳಿದಿರಲಿಲ್ಲ. ಆದರೂ ಅವರು ಕಲ್ಲಿಗೆ ಒಂದಿಷ್ಟು ಜಾಗ ಬಿಟ್ಟರು. ಅವರ ನಂತರದ ಮೂವತ್ತು ನಲವತ್ತು ತಲೆಮಾರುಗಳು ಹೊಲ ಉತ್ತವು, ಮನೆ ಕಟ್ಟಿದವು, ಕೆಡವಿ ಮತ್ತೆ ಕಟ್ಟಿದವು. ಆ ಜಾಗವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅವರ ಕಾಲದಲ್ಲಿ ಅದಕ್ಕೆ ಅಧಿನಿಯಮವಿರಲಿಲ್ಲ, ಊರಿನ ಮರ್ಯಾದೆ ಇತ್ತು. ಊರು ನಗರವಾಗಿ, ನೆರೆಯವರು ಅಪರಿಚಿತರಾಗಿರುವ ಈ ಕಾಲದಲ್ಲಿ ಆ ಮರ್ಯಾದೆಯ ಸ್ಥಾನವನ್ನು ನಿಯಮವೇ ತುಂಬಬೇಕಾಗಿದೆ. ಅದು ಸಕಾಲದಲ್ಲಿ ಬಂದು, ಎಲ್ಲರಿಗೂ ಸಮನಾಗಿ ಸಂದು, ನಷ್ಟಪಟ್ಟವನ ಕೈ ಹಿಡಿಯುವುದಾದರೆ, ಹೊಸ ಮನೆಗೂ ಹಳೆಯ ಕಲ್ಲಿಗೂ ಈ ನೆಲದಲ್ಲಿ ಸ್ಥಳವುಂಟು.